ಗಿಟಾರಿನ ಅಭ್ಯಾಸಕ್ಕೆ ತಾಳದ ಜೊತೆ

ನಮ್ಮ ಕಥೋಲಿಕ ಕುಟುಂಬಗಳಲ್ಲಿ ಗಿಟಾರ್ ಇಂದು ಅಪರೂಪದ ವಾದ್ಯವಾಗಿ ಉಳಿದಿಲ್ಲ. ಕರಾವಳಿಯ ತೋಟದ ನಡುವಿನ ಹೆಂಚಿನ ಮನೆಯಲ್ಲಿಯೂ ಬೆಂಗಳೂರಿನ ಬಹುಮಹಡಿ ಕಟ್ಟಡದ ಎರಡು ಕೋಣೆಗಳ ವಸತಿಯಲ್ಲಿಯೂ ಅದು ಒಂದು ಮೂಲೆಗೆ ಒರಗಿ ನಿಂತಿರುವುದನ್ನು ಕಾಣುತ್ತೇವೆ. ದೃಢೀಕರಣ ಸಂಸ್ಕಾರ ಪಡೆದ ಮಗಳಿಗೆ ಅಜ್ಜ-ಅಜ್ಜಿಯರ ಉಡುಗೊರೆಯಾಗಿ, ಹತ್ತನೆಯ ತರಗತಿಯಲ್ಲಿ ಒಳ್ಳೆಯ ಅಂಕ ಗಳಿಸಿದ ಮಗನಿಗೆ ಕೊಲ್ಲಿ ರಾಷ್ಟ್ರದಿಂದ ರಜೆಗೆ ಬಂದ ಮಾವನ ಕಾಣಿಕೆಯಾಗಿ ಅದು ಮನೆ ಸೇರುತ್ತದೆ. ಮೊದಲ ಆರು ತಿಂಗಳು ಉತ್ಸಾಹಕ್ಕೆ ಕೊರತೆಯಿಲ್ಲ. ಬೆರಳ ತುದಿ ನೋಯುತ್ತದೆ, ತಂತಿ ಹರಿಯುತ್ತದೆ, ಹೊಸ ತಂತಿ ಬರುತ್ತದೆ. ಆ ಬಳಿಕ ಅನೇಕ ಮನೆಗಳಲ್ಲಿ ಗಿಟಾರ್ ಗೋಡೆಯ ಮೊಳೆಗೆ ಏರುತ್ತದೆ. ಅದರ ಮೇಲೆ ಧೂಳು ಇಳಿಯುತ್ತದೆ.

ಹೀಗಾಗಲು ಮಕ್ಕಳ ಆಲಸ್ಯವೇ ಕಾರಣವೆಂದು ಹೆತ್ತವರು ಹೇಳುತ್ತಾರೆ. ಓದಿನ ಒತ್ತಡವೇ ಕಾರಣವೆಂದು ಮಕ್ಕಳು ಹೇಳುತ್ತಾರೆ. ಎರಡರಲ್ಲಿಯೂ ಸತ್ಯಾಂಶವಿದೆ. ಆದರೆ ಹಲವು ಧರ್ಮಕೇಂದ್ರಗಳ ಗಾಯನ ಮಂಡಳಿಗಳನ್ನು ಹತ್ತಿರದಿಂದ ಕಂಡಿರುವ ನನಗೆ ಮೂರನೆಯ ಕಾರಣವೊಂದು ಇವೆರಡಕ್ಕಿಂತಲೂ ಮುಖ್ಯವಾಗಿ ತೋರುತ್ತದೆ. ನಮ್ಮ ಮಕ್ಕಳು ಮನೆಯಲ್ಲಿ ತಾಳವಿಲ್ಲದೆ ಒಂಟಿಯಾಗಿ ಅಭ್ಯಾಸ ಮಾಡುತ್ತಾರೆ. ತಾಳವಿಲ್ಲದ ಅಭ್ಯಾಸವು ಮುಂದುವರಿಯುತ್ತಿದೆಯೋ ನಿಂತಲ್ಲೇ ನಿಂತಿದೆಯೋ ಎಂಬುದು ಅಭ್ಯಾಸ ಮಾಡುವವನಿಗೇ ತಿಳಿಯುವುದಿಲ್ಲ. ಮುನ್ನಡೆ ಕಾಣದ ಕೆಲಸದಲ್ಲಿ ಮನಸ್ಸು ಬಹಳ ಕಾಲ ನಿಲ್ಲದು.

ಇತ್ತೀಚಿನ ವರ್ಷಗಳಲ್ಲಿ ಈ ಕೊರತೆಯನ್ನು ನೀಗುವ ಸಾಧನವು ಪ್ರತಿಯೊಂದು ಮನೆಯನ್ನೂ ಸುಲಭವಾಗಿ ತಲುಪಿದೆ. ಮೊಬೈಲ್ ದೂರವಾಣಿಯಲ್ಲಿಯೇ ಡ್ರಮ್ಮಿನ ಬಡಿತವನ್ನು ಬೇಕಾದ ವೇಗದಲ್ಲಿ ನುಡಿಸಿಕೊಂಡು ಅದರೊಡನೆ ಗಿಟಾರ್ ಅಭ್ಯಾಸ ಮಾಡಲು ಸಾಧ್ಯವಾಗಿದೆ. ಇದರೊಂದಿಗೆ ಮನೆಗಳಲ್ಲಿ ಹೊಸದೊಂದು ಜಗಳವೂ ಹುಟ್ಟಿಕೊಂಡಿದೆ. ಗಿಟಾರಿನ ನಾದವನ್ನು ಸಹಿಸಿಕೊಂಡಿದ್ದ ಹಿರಿಯರು ಡ್ರಮ್ಮಿನ ಸದ್ದು ಕೇಳಿದೊಡನೆ ಹುಬ್ಬು ಗಂಟಿಕ್ಕುತ್ತಾರೆ. ‘ಇದು ಸಂಗೀತವೋ ಗದ್ದಲವೋ?’ ಎಂದು ಕೇಳುತ್ತಾರೆ. ಮಕ್ಕಳು ಬಾಗಿಲು ಮುಚ್ಚಿಕೊಳ್ಳುತ್ತಾರೆ. ಮುಚ್ಚಿದ ಬಾಗಿಲಿನ ಎರಡೂ ಬದಿಗಳಲ್ಲಿ ಬೇಸರ ಬೆಳೆಯುತ್ತದೆ. ವಿಷಯ ಚಿಕ್ಕದೆಂದು ತೋರಿದರೂ ಒಂದು ಕುಟುಂಬದ ನೆಮ್ಮದಿ, ಒಂದು ಮಗುವಿನ ಕಲಿಕೆ, ಒಂದು ಧರ್ಮಕೇಂದ್ರದ ಗಾಯನ ಇದರಲ್ಲಿ ಹೆಣೆದುಕೊಂಡಿವೆ. ಆದುದರಿಂದ ಇದನ್ನು ಶಾಂತವಾಗಿ ವಿಚಾರ ಮಾಡುವುದು ಲೇಸು.

ನಿಲ್ಲುವ ಬಲಗೈ

ಮೊದಲು ತೊಂದರೆ ಎಲ್ಲಿದೆಯೆಂಬುದನ್ನು ನೋಡೋಣ. ಗಿಟಾರ್ ಕಲಿಯುವ ಮಗುವಿನ ಎಡಗೈ ಸ್ವರಮೇಳವನ್ನು, ಅಂದರೆ ಕಾರ್ಡನ್ನು ಹಿಡಿಯುತ್ತದೆ. ಬಲಗೈ ತಂತಿಗಳನ್ನು ಮೇಲಕ್ಕೂ ಕೆಳಕ್ಕೂ ಮೀಟುತ್ತದೆ. ಒಂದು ಕಾರ್ಡಿನಿಂದ ಇನ್ನೊಂದಕ್ಕೆ ಹೋಗುವಾಗ ಎಡಗೈಯ ಬೆರಳುಗಳು ತಮ್ಮ ಸ್ಥಾನವನ್ನು ಹುಡುಕಬೇಕಾಗುತ್ತದೆ. ವಿಶೇಷವಾಗಿ ‘ಎಫ್’ ಕಾರ್ಡಿನಲ್ಲಿ ಒಂದೇ ಬೆರಳು ಹಲವು ತಂತಿಗಳನ್ನು ಒಟ್ಟಿಗೆ ಒತ್ತಬೇಕಾದುದರಿಂದ ಹೊಸಬರಿಗೆ ಅದು ಕಗ್ಗಂಟು. ಆ ಕ್ಷಣದಲ್ಲಿ ಬಲಗೈ ಏನು ಮಾಡುತ್ತದೆ? ನಿಂತು ಕಾಯುತ್ತದೆ. ಬೆರಳು ಕುಳಿತ ಮೇಲೆ ಮತ್ತೆ ಹೊರಡುತ್ತದೆ. ಒಂಟಿಯಾಗಿ ನುಡಿಸುವ ಮಗುವಿಗೆ ಈ ನಿಲುಗಡೆ ಕೇಳಿಸುವುದೇ ಇಲ್ಲ; ಅದರ ಮನಸ್ಸು ಹಾಡನ್ನು ಒಳಗೊಳಗೇ ಜೋಡಿಸಿಕೊಳ್ಳುತ್ತದೆ. ನೂರು ಬಾರಿ ಹೀಗೆ ಅಭ್ಯಾಸ ಮಾಡಿದರೆ ನೂರು ಬಾರಿ ನಿಲ್ಲುವುದನ್ನೇ ಅಭ್ಯಾಸ ಮಾಡಿದಂತಾಯಿತು.

ಇದಕ್ಕೆ ಪ್ರತಿಯಾಗಿ, ಸುಲಭವಾದ ಭಾಗ ಬಂದೊಡನೆ ಕೈ ತಾನಾಗಿಯೇ ಓಡತೊಡಗುತ್ತದೆ. ಕಷ್ಟದಲ್ಲಿ ನಿಲ್ಲುವುದು, ಸುಲಭದಲ್ಲಿ ಓಡುವುದು ಮನುಷ್ಯ ಸ್ವಭಾವ. ಭಾನುವಾರದ ಪೂಜೆಯಲ್ಲಿ ಇದರ ಫಲವನ್ನು ನಾವೆಲ್ಲರೂ ಕೇಳಿದ್ದೇವೆ. ಪಲ್ಲವಿಯಲ್ಲಿ ಗಿಟಾರ್ ಜನರಿಗಿಂತ ಮುಂದೆ, ಚರಣದಲ್ಲಿ ಜನರಿಗಿಂತ ಹಿಂದೆ. ಹಿಂದಿನ ಬೆಂಚುಗಳಲ್ಲಿ ಕುಳಿತ ಹಿರಿಯರು ಎರಡು ಸಾಲು ಪ್ರಯತ್ನಿಸಿ ಬಾಯಿ ಮುಚ್ಚಿಕೊಳ್ಳುತ್ತಾರೆ. ಹಾಡಬೇಕಾದ ಸಭೆ ಕೇಳುವ ಸಭೆಯಾಗುತ್ತದೆ.

ಪಕ್ಕದ ಮನೆಯಲ್ಲಿ ಕರ್ನಾಟಕ ಸಂಗೀತ ಕಲಿಯುವ ಮಗುವನ್ನು ಗಮನಿಸಿರಿ. ಸರಳೆ ವರಸೆಯ ಮೊದಲ ಪಾಠದಂದೇ ಅದರ ಬಲಗೈ ತೊಡೆಯ ಮೇಲೆ ಆದಿತಾಳವನ್ನು ಹಾಕುತ್ತಿರುತ್ತದೆ. ಒಂದು ಘಾತ, ಮೂರು ಬೆರಳೆಣಿಕೆ, ಆಮೇಲೆ ಎರಡು ಸಲ ಘಾತ ಮತ್ತು ಬೀಸು. ಎಂಟು ಅಕ್ಷರಗಳ ಒಂದು ಆವರ್ತ. ಅದೇ ವರಸೆಯನ್ನು ಮೊದಲು ವಿಳಂಬದಲ್ಲಿ, ನಂತರ ಇಮ್ಮಡಿ ವೇಗದಲ್ಲಿ, ಆಮೇಲೆ ಅದರ ಇಮ್ಮಡಿಯಲ್ಲಿ ಹಾಡಿಸುತ್ತಾರೆ. ಕೈಯ ತಾಳ ಬದಲಾಗುವುದಿಲ್ಲ, ಕಂಠದ ಓಟ ಬದಲಾಗುತ್ತದೆ. ಶ್ರುತಿಯನ್ನು ತಾಯಿಗೂ ಲಯವನ್ನು ತಂದೆಗೂ ಹೋಲಿಸಿದ ಈ ನಾಡಿನ ಹಿರಿಯರು ಮಗುವನ್ನು ಮೊದಲ ದಿನವೇ ಇಬ್ಬರ ಕೈಗೂ ಒಪ್ಪಿಸಿದರು. ಗಿಟಾರ್ ಕಲಿಯುವ ನಮ್ಮ ಮಗುವಿಗಾದರೋ ಎರಡು ಕೈಗಳೂ ವಾದ್ಯದ ಮೇಲಿರುವುದರಿಂದ ತಾಳ ಹಾಕಲು ಕೈ ಉಳಿಯುವುದಿಲ್ಲ. ಹೊರಗಿನಿಂದ ತಾಳದ ಜೊತೆ ಬೇಕೆನ್ನಲು ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಎಣಿಕೆ ಮತ್ತು ಚಿತ್ತ

ತತ್ತ್ವಶಾಸ್ತ್ರದ ವಿದ್ಯಾರ್ಥಿಗಳು ಕಾಲದ ಕುರಿತು ಕಲಿಯುವ ಮೊದಲ ಪಾಠವೊಂದಿದೆ. ಕಾಲವೆಂಬುದು ಚಲನೆಯಿಂದ ಬೇರೆಯಾಗಿ ಎಲ್ಲಿಯೂ ಇಲ್ಲ. ಹಿಂದು-ಮುಂದುಗಳ ದೃಷ್ಟಿಯಿಂದ ಚಲನೆಗೆ ಇರುವ ಎಣಿಕೆಯೇ ಕಾಲ ಎಂಬುದು ಅರಿಸ್ಟಾಟಲನ ವಿಚಾರ. ಎಣಿಸಬೇಕಾದರೆ ಎಣಿಸುವವನು ಬೇಕು. ಹಾಗಾದರೆ ಎಣಿಸುವ ಚಿತ್ತವಿಲ್ಲದಿದ್ದರೆ ಕಾಲವಿರುತ್ತದೆಯೆ ಎಂಬ ಪ್ರಶ್ನೆಯನ್ನೂ ಆತನೇ ಎತ್ತಿದ್ದಾನೆ. ಸಂಗೀತವನ್ನು ಅಭ್ಯಾಸ ಮಾಡುವ ಮಗುವು ತಿಳಿಯದೆಯೇ ಈ ಪ್ರಶ್ನೆಯ ಮುಂದೆ ನಿಂತಿರುತ್ತದೆ.

ಸಂತ ಅಗಸ್ಟೀನರು ಇದನ್ನು ಇನ್ನಷ್ಟು ಆಳಕ್ಕೆ ಒಯ್ದರು. ಅವರು ಸಂಗೀತದ ಕುರಿತು ಆರು ಭಾಗಗಳ ಗ್ರಂಥವನ್ನು ಬರೆದರೆಂಬುದು ನಮ್ಮಲ್ಲಿ ಹಲವರಿಗೆ ತಿಳಿದಿಲ್ಲ. 387ರ ಸುಮಾರಿಗೆ ಮಿಲಾನಿನಲ್ಲಿ ಆರಂಭಿಸಿದ ಆ ಗ್ರಂಥವು ಬಹುಮಟ್ಟಿಗೆ ಲಯ ಮತ್ತು ಛಂದಸ್ಸಿನ ವಿಚಾರವೇ ಆಗಿದೆ. ಸ್ವರದ ವಿಚಾರ ಅದರಲ್ಲಿ ವಿರಳ. ಮುಂದೆ ತಮ್ಮ ‘ಕನ್ಫೆಶನ್ಸ್’ ಗ್ರಂಥದ ಹನ್ನೊಂದನೆಯ ಭಾಗದಲ್ಲಿ ಅವರು ಕಾಲದ ಸ್ವರೂಪವನ್ನು ವಿವರಿಸಲು ಆರಿಸಿಕೊಂಡ ನಿದರ್ಶನವೂ ಗಾಯನವೇ. ಪರಿಚಿತವಾದ ಒಂದು ಕೀರ್ತನೆಯನ್ನು ಹೇಳಲು ತೊಡಗುವ ಮೊದಲು ಅದು ಸಂಪೂರ್ಣವಾಗಿ ನಿರೀಕ್ಷೆಯಲ್ಲಿರುತ್ತದೆ. ಹೇಳುತ್ತ ಹೋದಂತೆ ನಿರೀಕ್ಷೆ ಕುಗ್ಗುತ್ತದೆ, ಸ್ಮರಣೆ ಬೆಳೆಯುತ್ತದೆ. ಎರಡರ ನಡುವೆ ಗಮನವು ಎಚ್ಚರವಾಗಿ ನಿಂತಿರುತ್ತದೆ. ಹೀಗೆ ಕಾಲವನ್ನು ನಾವು ಅಳೆಯುವುದು ಚಿತ್ತದಲ್ಲಿ ಎಂಬುದು ಅವರ ತೀರ್ಮಾನ.

ಈ ವಿಚಾರವು ನಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದೆ. ಡ್ರಮ್ಮಿನ ಬಡಿತವು ಹೊರಗಿನ ಎಣಿಕೆ. ಅಭ್ಯಾಸದ ಗುರಿಯು ಆ ಎಣಿಕೆ ಚಿತ್ತಕ್ಕೆ ಇಳಿಯುವುದು. ಮುಂದಿನ ಬಡಿತವನ್ನು ನಿರೀಕ್ಷಿಸುವ, ಹಿಂದಿನ ಬಡಿತವನ್ನು ನೆನೆಯುವ, ಈಗಿನ ಬಡಿತಕ್ಕೆ ಕೈಗೂಡಿಸುವ ಗಮನ ಹುಟ್ಟಿದರೆ ಡ್ರಮ್ ತನ್ನ ಕೆಲಸ ಮಾಡಿತು. ಆ ಗಮನ ಹುಟ್ಟದೆ ಮಗುವು ಸದ್ದಿನ ಹಿಂದೆ ಎಳೆದುಕೊಂಡು ಹೋಗುವಂತಾದರೆ ಡ್ರಮ್ ಊರುಗೋಲಾಗಿ ಉಳಿಯಿತು. ಯಂತ್ರವನ್ನು ಮನೆಗೆ ತರಬೇಕೆ ಎನ್ನುವುದಕ್ಕಿಂತ ಅದನ್ನು ಹೇಗೆ ಬಳಸಬೇಕು ಎನ್ನುವುದು ಇಲ್ಲಿ ನಿರ್ಣಾಯಕ.

ಯಂತ್ರವೇನೂ ಹೊಸದಲ್ಲ

ಯಂತ್ರದ ಎಣಿಕೆ ಸಂಗೀತಕ್ಕೆ ಪರಕೀಯವೆಂದು ಭಾವಿಸುವವರು ಅದರ ಇತಿಹಾಸವನ್ನು ಸ್ವಲ್ಪ ನೋಡಬೇಕು. ಬಡಿತ ಎಣಿಸುವ ಮೆಟ್ರೋನೋಮ್ ಎಂಬ ಲೋಲಕ ಯಂತ್ರವು ಹತ್ತೊಂಬತ್ತನೆಯ ಶತಮಾನದ ಎರಡನೆಯ ದಶಕದಲ್ಲಿಯೇ ಯೂರೋಪಿನಲ್ಲಿ ಬಳಕೆಗೆ ಬಂದಿತು. ಆಮ್‌ಸ್ಟರ್‌ಡ್ಯಾಮಿನ ವಿಂಕೆಲ್ ರೂಪಿಸಿದ ಯಂತ್ರವನ್ನು ಬಳಸಿಕೊಂಡು ಮೆಲ್ಟ್ಸೆಲ್ ಎಂಬಾತ ಅದಕ್ಕೆ ಪೇಟೆಂಟ್ ಪಡೆದನು. ಬೆಥೋವನ್‌ನಂಥ ಮಹಾನ್ ಸಂಗೀತಕಾರನೇ 1817ರಲ್ಲಿ ತನ್ನ ಸಿಂಫನಿಗಳಿಗೆ ಅದರ ಸಂಖ್ಯೆಗಳನ್ನು ಪ್ರಕಟಿಸಿದನು. ಮುಂದೆ 1959ರಲ್ಲಿ ವುರ್ಲಿಟ್ಸರ್ ಸಂಸ್ಥೆಯ ‘ಸೈಡ್‌ಮ್ಯಾನ್’ ಎಂಬ ತಾಳಯಂತ್ರ ಮಾರುಕಟ್ಟೆಗೆ ಬಂದಿತು. 1980ರಲ್ಲಿ ಅಮೆರಿಕದ ರೋಜರ್ ಲಿನ್ ನಿಜವಾದ ಡ್ರಮ್ಮಿನ ಧ್ವನಿಗಳನ್ನೇ ಮುದ್ರಿಸಿ ಅಳವಡಿಸಿದ ಯಂತ್ರವನ್ನು ಹೊರತಂದರು. ಅದೇ ವರ್ಷ ಜಪಾನಿನ ರೋಲ್ಯಾಂಡ್ ಸಂಸ್ಥೆಯ ಟಿಆರ್-808 ಕೂಡ ಬಂದಿತು. ಅಂದು ಬಹು ಬೆಲೆಯ ಪೆಟ್ಟಿಗೆಯಲ್ಲಿದ್ದುದು ಇಂದು ಅಂಗೈಯ ದೂರವಾಣಿಯೊಳಗಿದೆ.

ನಮ್ಮ ರಾಜ್ಯವೂ ಈ ಕಥೆಯಲ್ಲಿ ಪಾಲು ಪಡೆದಿದೆ. ಸ್ವತಃ ಕೊಳಲುವಾದಕರೂ ಎಂಜಿನಿಯರರೂ ಆದ ಜಿ. ರಾಜ್ ನಾರಾಯಣ್ ಅವರು ಸ್ಥಾಪಿಸಿದ ಬೆಂಗಳೂರಿನ ರಾಡೆಲ್ ಸಂಸ್ಥೆಯು ಎಲೆಕ್ಟ್ರಾನಿಕ್ ತಂಬೂರಿಯನ್ನೂ ತಬಲಾ, ಮೃದಂಗಗಳ ತಾಳ ನುಡಿಸುವ ಯಂತ್ರಗಳನ್ನೂ ದೇಶದ ಮನೆಮನೆಗಳಿಗೆ ಮುಟ್ಟಿಸಿತು. ಪಕ್ಕವಾದ್ಯದವರು ದೊರೆಯದ ಮನೆಯಲ್ಲಿ ಅವು ಸಾವಿರಾರು ವಿದ್ಯಾರ್ಥಿಗಳ ನೆರವಿಗೆ ಬಂದಿವೆ. ಶಾಸ್ತ್ರೀಯ ಸಂಗೀತದ ಮನೆಗಳು ಒಪ್ಪಿಕೊಂಡುದನ್ನು ಗಿಟಾರಿನ ಮನೆಗಳು ಒಪ್ಪಲಾಗದು ಎನ್ನಲು ಕಾರಣವಿಲ್ಲ.

ಮೂರು ಆಕ್ಷೇಪಗಳು

ಹಿರಿಯರ ಮೊದಲ ಆಕ್ಷೇಪವು ಸದ್ದಿನದು. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಮನೆಯಲ್ಲಿ ರೋಗಿಗಳಿರಬಹುದು, ಪರೀಕ್ಷೆಗೆ ಓದುವ ಅಕ್ಕನಿರಬಹುದು, ಗೋಡೆಯಾಚೆ ರಾತ್ರಿ ಪಾಳಿ ಮುಗಿಸಿ ಮಲಗಿದ ನೆರೆಯವರಿರಬಹುದು. ನೆರೆಯವರನ್ನು ಪ್ರೀತಿಸುವುದೆಂದರೆ ಅವರ ನಿದ್ರೆಯನ್ನು ಗೌರವಿಸುವುದೂ ಹೌದು. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶದಲ್ಲಿ ಹಗಲಿಗೆ 55, ರಾತ್ರಿಗೆ 45 ಡೆಸಿಬೆಲ್ ಮಿತಿಯನ್ನು ವಿಧಿಸಿವೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗಿನದು ರಾತ್ರಿಯ ಅವಧಿ. ಆದರೆ ಅಭ್ಯಾಸಕ್ಕೆ ದೊಡ್ಡ ಸದ್ದೇ ಬೇಕಾಗಿಲ್ಲ. ಡ್ರಮ್ಮಿನ ಬಡಿತವು ಗಿಟಾರಿನ ನಾದದ ಕೆಳಗೆ, ಕಿವಿಗೊಟ್ಟರೆ ಮಾತ್ರ ಕೇಳುವಷ್ಟು ಇದ್ದರೆ ಸಾಕು. ಕಿವಿಗೊಡಬೇಕಾದ ಅಗತ್ಯವೇ ಗಮನವನ್ನು ಬೆಳೆಸುತ್ತದೆ. ಕಿವಿಯೊಳಗಿನ ಇಯರ್‌ಫೋನು ಸುಲಭದ ಪರಿಹಾರವೆಂದು ತೋರಿದರೂ ಅದಕ್ಕೂ ಮಿತಿಯಿದೆ. ವಯಸ್ಕರು ವಾರಕ್ಕೆ 40 ಗಂಟೆಗಳ ಕಾಲ 80 ಡೆಸಿಬೆಲ್, ಮಕ್ಕಳು ಅಷ್ಟೇ ಅವಧಿಗೆ 75 ಡೆಸಿಬೆಲ್ ದಾಟಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗದರ್ಶನವಿದೆ. ಕಳೆದುಕೊಂಡ ಶ್ರವಣಶಕ್ತಿಯನ್ನು ಯಾವ ಯಂತ್ರವೂ ಪೂರ್ಣವಾಗಿ ಮರಳಿ ಕೊಡಲಾರದು.

ಎರಡನೆಯ ಆಕ್ಷೇಪ, ‘ಡ್ರಮ್ ನಮ್ಮ ಸಂಸ್ಕೃತಿಯದಲ್ಲ’ ಎಂಬುದು. ಕರಾವಳಿಯ ಕೊಂಕಣಿ ಕಥೋಲಿಕರು ಈ ಮಾತನ್ನಾಡಿದರೆ ಆಶ್ಚರ್ಯವೆನಿಸುತ್ತದೆ. ನಮ್ಮ ಪೂರ್ವಿಕರ ಮದುವೆ, ರೋಸ್ ಸಮಾರಂಭಗಳಲ್ಲಿ ಗುಮಟೆಯ ನಾದ ಕೇಳದ ಮನೆ ಎಷ್ಟಿದ್ದವು? ಎರಡೂ ಕಡೆ ಬಾಯಿ ತೆರೆದ ಮಣ್ಣಿನ ಮಡಕೆ. ದೊಡ್ಡ ಬಾಯಿಗೆ ಚರ್ಮದ ಹೊದಿಕೆ. ಒಂದು ಕೈ ಚರ್ಮವನ್ನು ಬಾರಿಸಿದರೆ ಇನ್ನೊಂದು ಕೈ ಚಿಕ್ಕ ಬಾಯಿಯನ್ನು ಮುಚ್ಚಿ ತೆರೆದು ನಾದವನ್ನು ತಿದ್ದುತ್ತದೆ. ಹಿಂದೆ ಉಡದ ಚರ್ಮವನ್ನು ಬಳಸುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಉಡಕ್ಕೆ ರಕ್ಷಣೆ ನೀಡಿದ ಮೇಲೆ ಮೇಕೆಯ ಚರ್ಮ ಅದರ ಸ್ಥಾನಕ್ಕೆ ಬಂದಿದೆ. 2019ರಲ್ಲಿ ಗೋವಾ ಸರಕಾರವು ಇದನ್ನು ರಾಜ್ಯದ ಪಾರಂಪರಿಕ ವಾದ್ಯವೆಂದು ಘೋಷಿಸಿತು. ನಿಧಾನಗತಿಯ ಮಾಂಡೊ, ಓಟದ ದುಲ್ಪೊದ್ ಇವೆರಡಕ್ಕೂ ಅದು ಜೊತೆಯಾಗಿದೆ. ಪಿಟೀಲು ಮತ್ತು ಗುಮಟೆಗಳು ಒಂದೇ ಚಾಪೆಯ ಮೇಲೆ ಕುಳಿತಿದ್ದ ಸಮುದಾಯಕ್ಕೆ ತಂತಿವಾದ್ಯ ಮತ್ತು ತಾಳವಾದ್ಯಗಳ ಜೊತೆಗಾರಿಕೆ ಹೊಸದಾಗಿರಲು ಸಾಧ್ಯವಿಲ್ಲ. ಪವಿತ್ರ ಗ್ರಂಥದಲ್ಲಿಯೂ ಕೆಂಪು ಸಮುದ್ರವನ್ನು ದಾಟಿದ ಮಿರಿಯಾಮಳ ಕೈಯಲ್ಲಿದ್ದುದು ತಾಳವಾದ್ಯವೇ.

ಮೂರನೆಯ ಆಕ್ಷೇಪವು ದೇವಾಲಯಕ್ಕೆ ಸಂಬಂಧಿಸಿದೆ. ಇಂದು ಮನೆಯಲ್ಲಿ ಡ್ರಮ್ ಬಂದರೆ ನಾಳೆ ಬಲಿಪೀಠದ ಪಕ್ಕದಲ್ಲಿ ಬರುತ್ತದೆ ಎಂಬ ಆತಂಕ ಹಲವರಿಗಿದೆ. ಹತ್ತನೆಯ ಪಿಯುಸ್ ಜಗದ್ಗುರುಗಳು 1903ರ ತಮ್ಮ ಆಜ್ಞೆಯಲ್ಲಿ ಡ್ರಮ್, ತಾಳ ಮೊದಲಾದ ಸದ್ದಿನ ವಾದ್ಯಗಳನ್ನು ಮಾತ್ರವಲ್ಲ, ಪಿಯಾನೋವನ್ನೂ ದೇವಾಲಯದಲ್ಲಿ ನಿಷೇಧಿಸಿದ್ದರು. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಪೈಪ್ ಆರ್ಗನ್ನಿಗೆ ವಿಶೇಷ ಗೌರವವನ್ನು ಉಳಿಸಿಕೊಂಡು, ದೈವಾರಾಧನೆಗೆ ತಕ್ಕುದಾದ ಇತರ ವಾದ್ಯಗಳಿಗೂ ಸ್ಥಳೀಯ ಧರ್ಮಾಧಿಕಾರಿಗಳ ಒಪ್ಪಿಗೆಯೊಡನೆ ಅವಕಾಶ ನೀಡಿತು. ಯಾವುದು ತಕ್ಕುದು ಎಂಬುದನ್ನು ನಿರ್ಧರಿಸುವ ಹೊಣೆ ಧರ್ಮಾಧ್ಯಕ್ಷರದು. ನಾವು ಅದಕ್ಕೆ ವಿಧೇಯರು. ಆದರೆ ಮನೆಯ ಅಭ್ಯಾಸವೇ ಬೇರೆ, ಆರಾಧನೆಯೇ ಬೇರೆ. ಮನೆಯಲ್ಲಿ ಡ್ರಮ್ಮಿನೊಡನೆ ಕೈ ಪಳಗಿದ ಗಿಟಾರ್‌ವಾದಕನಿಗೆ ದೇವಾಲಯದಲ್ಲಿ ಡ್ರಮ್ಮಿನ ಅಗತ್ಯವೇ ಬೀಳದು. ಅವನ ಬಲಗೈಯೇ ತಾಳವನ್ನು ಹೊತ್ತು ತಂದಿರುತ್ತದೆ. ಡ್ರಮ್ ಮನೆಯಲ್ಲಿ ಉಳಿಯಲಿ, ಲಯ ದೇವಾಲಯಕ್ಕೆ ಬರಲಿ.

ಕಾಯದ ಯಂತ್ರ, ಕಾಯುವ ಮನುಷ್ಯ

ಇಷ್ಟು ಹೇಳಿದ ಮೇಲೆ ಯಂತ್ರದ ಮಿತಿಯನ್ನೂ ಹೇಳದಿದ್ದರೆ ವಾದ ಅಪೂರ್ಣವಾಗುತ್ತದೆ. ಯಂತ್ರವು ಯಾರಿಗಾಗಿಯೂ ಕಾಯುವುದಿಲ್ಲ. ಅದರ ಗುಣವೂ ಇದೇ, ದೋಷವೂ ಇದೇ. ಬೆರಳು ತಡವರಿಸಿದರೂ ಅದು ನಡೆದುಹೋಗುವುದರಿಂದ ಮಗುವು ತಪ್ಪನ್ನು ಹಿಂದೆ ಬಿಟ್ಟು ಮುಂದೆ ಸಾಗುವುದನ್ನು ಕಲಿಯುತ್ತದೆ. ತಪ್ಪಿದ ಸ್ವರಕ್ಕಾಗಿ ಮರುಗುತ್ತ ನಿಂತವನು ಮುಂದಿನ ಸ್ವರವನ್ನೂ ಕಳೆದುಕೊಳ್ಳುತ್ತಾನೆ. ಬದುಕಿನಲ್ಲಿಯೂ ಇದು ಉಪಯುಕ್ತವಾದ ಶಿಕ್ಷಣ.

ಆದರೆ ಸಭೆಯೊಂದು ಹಾಡುವಾಗ ಪರಿಸ್ಥಿತಿ ಬೇರೆ. ಎಂಬತ್ತು ವರ್ಷದ ಅಜ್ಜಿ ಸಾಲಿನ ಕೊನೆಯಲ್ಲಿ ಉಸಿರೆಳೆದುಕೊಳ್ಳಬೇಕು. ಚಿಕ್ಕ ಮಕ್ಕಳು ಕಠಿಣವಾದ ಪದವನ್ನು ಉಚ್ಚರಿಸಲು ತುಸು ಹೊತ್ತು ತೆಗೆದುಕೊಳ್ಳುತ್ತಾರೆ. ದೊಡ್ಡ ದೇವಾಲಯದಲ್ಲಿ ಹಿಂಬದಿಯ ಧ್ವನಿ ಮುಂಬದಿಗೆ ತಡವಾಗಿ ತಲುಪುತ್ತದೆ. ಜೊತೆ ನುಡಿಸುವವನು ಇವೆಲ್ಲಕ್ಕೂ ಕಿವಿಯಾಗಬೇಕು. ಸಾಲಿನ ಕೊನೆಯಲ್ಲಿ ಕೂದಲೆಳೆಯಷ್ಟು ಕಾಯಬೇಕು, ಆದರೂ ಲಯವನ್ನು ಮುರಿಯಬಾರದು. ಈ ಕಾಯುವಿಕೆಯನ್ನು ಯಂತ್ರ ಕಲಿಸಲಾರದು. ಯಂತ್ರದೊಡನೆ ಮಾತ್ರ ವರ್ಷಗಟ್ಟಲೆ ನುಡಿಸಿದ ಕೆಲವು ಯುವಕರು ಅಚ್ಚುಕಟ್ಟಾಗಿ ನುಡಿಸುತ್ತಾರೆ. ಆದರೆ ಅವರೊಡನೆ ಹಾಡಲು ಯಾರಿಗೂ ಆಗುವುದಿಲ್ಲ. ಅವರ ಲಯದಲ್ಲಿ ಇನ್ನೊಬ್ಬರಿಗೆ ಉಸಿರಾಡಲು ಜಾಗವಿಲ್ಲ.

ಆದ್ದರಿಂದ ನಿಲ್ಲದಿರುವುದನ್ನು ಯಂತ್ರದಿಂದ ಕಲಿಯಬೇಕು, ಕಾಯುವುದನ್ನು ಮನುಷ್ಯರಿಂದ ಕಲಿಯಬೇಕು. ಇವೆರಡರಲ್ಲಿ ಒಂದನ್ನು ಮಾತ್ರ ಬಲ್ಲವನ ಸಂಗೀತ ಅರ್ಧ ಸಂಗೀತ.

ಅಭ್ಯಾಸದ ಕ್ರಮ

ಹೆತ್ತವರು ಕೇಳುವ ಮುಂದಿನ ಪ್ರಶ್ನೆ, ‘ಹಾಗಾದರೆ ಏನು ಮಾಡಬೇಕು?’ ಎಂಬುದು. ಸಂಗೀತ ಶಿಕ್ಷಕರ ಮಾರ್ಗದರ್ಶನಕ್ಕೆ ಬದಲಿಯಾಗಿ ಅಲ್ಲ, ಅದಕ್ಕೆ ಪೂರಕವಾಗಿ ಕೆಲವು ಸಲಹೆಗಳನ್ನು ಮುಂದಿಡುತ್ತೇನೆ.

ಮೊದಲನೆಯದಾಗಿ, ಯಂತ್ರಕ್ಕಿಂತ ಮುಂಚೆ ಮೈಯಲ್ಲಿ ತಾಳ ಬರಲಿ. ಗಿಟಾರನ್ನು ಪಕ್ಕಕ್ಕಿಟ್ಟು, ಹಾಡನ್ನು ಬಾಯಲ್ಲಿ ಹಾಡುತ್ತ ಪಾದದಿಂದ ನೆಲವನ್ನು ತಟ್ಟಲಿ. ಆಮೇಲೆ ತಂತಿಗಳನ್ನು ಎಡಗೈಯಿಂದ ಮೃದುವಾಗಿ ಮುಚ್ಚಿ, ಬಲಗೈಯಿಂದ ಬರಿಯ ಬಡಿತವನ್ನು ನುಡಿಸಲಿ. ಕೈ ಕೆಳಗೆ ಮೇಲೆ ಲೋಲಕದಂತೆ ನಿಲ್ಲದೆ ಆಡುತ್ತಿರಬೇಕು. ತಂತಿಯನ್ನು ಮುಟ್ಟದ ಕ್ಷಣದಲ್ಲಿಯೂ ಕೈ ಗಾಳಿಯಲ್ಲಿ ಆಡುತ್ತಿರಬೇಕು.

ಎರಡನೆಯದಾಗಿ, ಡ್ರಮ್ಮಿನ ಸರಳವಾದ ತಾಳವನ್ನು ಆರಿಸಿಕೊಳ್ಳಲಿ. ನಾಲ್ಕರ ತಾಳದಲ್ಲಿ ಒಂದು ಮತ್ತು ಮೂರನೆಯ ಮಾತ್ರೆಗೆ ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್, ಎರಡು ಮತ್ತು ನಾಲ್ಕಕ್ಕೆ ಸ್ನೇರ್, ನಡುವೆ ಹೈ-ಹ್ಯಾಟಿನ ಎಂಟು ಸಣ್ಣ ಬಡಿತಗಳು, ಇಷ್ಟು ಸಾಕು. ಥಳಕಿನ ಕೈಚಳಕಗಳಿರುವ ತಾಳವನ್ನು ಆರಿಸಿದರೆ ಮಗುವಿನ ಕಿವಿ ಡ್ರಮ್ಮನ್ನು ಮೆಚ್ಚುವುದರಲ್ಲಿಯೇ ಕಳೆದುಹೋಗುತ್ತದೆ.

ಮೂರನೆಯದಾಗಿ, ವೇಗವನ್ನು ತಗ್ಗಿಸಲಿ. ನಿಮಿಷಕ್ಕೆ 60 ಬಡಿತವೆಂದರೆ ಕ್ಷಣಕ್ಕೆ ಒಂದು. ಗಡಿಯಾರದ ಸೆಕೆಂಡಿನ ಮುಳ್ಳಿನ ನಡಿಗೆ. ಹೆಚ್ಚಿನ ಕಾರ್ಡುಗಳನ್ನು ಬದಲಿಸಲು ಹೊಸಬರಿಗೆ ಈ ನಡಿಗೆಯೇ ತಕ್ಕುದು. ಒಂದು ಹಾಡನ್ನು ಈ ವೇಗದಲ್ಲಿ ಮೂರು ಬಾರಿ ತಡೆಯಿಲ್ಲದೆ ನುಡಿಸಲು ಬಂದ ಮೇಲೆ ಮಾತ್ರ ನಾಲ್ಕೈದು ಬಡಿತಗಳನ್ನು ಹೆಚ್ಚಿಸಲಿ. ಕಾರ್ಡು ಬದಲಿಸುವಾಗ ಬೆರಳು ತಡವಾದರೆ ಬಲಗೈ ನಿಲ್ಲದಿರಲಿ. ಬರಿದಾದ ತಂತಿಗಳು ನುಡಿದರೂ ಪರವಾಗಿಲ್ಲ. ಬರಿದಾದ ತಂತಿಯನ್ನು ಕೇಳುಗರು ಕ್ಷಮಿಸುತ್ತಾರೆ, ಮುರಿದ ಲಯವನ್ನು ಕ್ಷಮಿಸುವುದು ಕಷ್ಟ.

ನಾಲ್ಕನೆಯದಾಗಿ, ಆಗಾಗ ಡ್ರಮ್ಮನ್ನು ಮೌನಗೊಳಿಸಬೇಕು. ಇದೇ ಮುಖ್ಯವಾದ ಪರೀಕ್ಷೆ. ತಂಗಿಯನ್ನೋ ತಮ್ಮನನ್ನೋ ಪಕ್ಕದಲ್ಲಿ ಕೂರಿಸಿಕೊಂಡು, ಎರಡು ಆವರ್ತಗಳ ಕಾಲ ಸದ್ದನ್ನು ಪೂರ್ಣವಾಗಿ ತಗ್ಗಿಸಿ ಮತ್ತೆ ಏರಿಸುವಂತೆ ಹೇಳಿರಿ. ಸದ್ದು ಮರಳಿದಾಗ ಗಿಟಾರ್ ಅದರೊಡನೆ ಕೂಡಿಯೇ ಇದ್ದರೆ ಎಣಿಕೆ ಚಿತ್ತಕ್ಕೆ ಇಳಿದಿದೆಯೆಂದು ತಿಳಿಯಬಹುದು. ಇಲ್ಲವಾದರೆ ನಿರಾಶರಾಗಬೇಕಿಲ್ಲ; ಮೊದಲು ಒಂದೇ ಆವರ್ತದ ಮೌನದಿಂದ ಆರಂಭಿಸಿದರೆ ಆಯಿತು. ಮಕ್ಕಳಿಗೆ ಇದು ಆಟದಂತೆ ತೋರುತ್ತದೆ. ಅಣ್ಣನನ್ನು ತಪ್ಪಿಸಲು ತಂಗಿಗೆ ಸಿಗುವ ಸಂತೋಷವೂ ಅಭ್ಯಾಸಕ್ಕೆ ನೆರವಾಗುತ್ತದೆ!

ಒಂದು ನಿದರ್ಶನವನ್ನು ಕೊಡಬಹುದು. ಕ್ರಿಸ್ಮಸ್ ಕಾಲದಲ್ಲಿ ಜಗತ್ತೆಲ್ಲ ಹಾಡುವ ‘ಸೈಲೆಂಟ್ ನೈಟ್’ ಗೀತೆಯು ಮೊದಲು ಕೇಳಿಸಿದ್ದು ಗಿಟಾರಿನೊಡನೆ. ಆಸ್ಟ್ರಿಯಾದ ಓಬರ್ನ್‌ಡೋರ್ಫ್ ಎಂಬ ಊರಿನ ಸಂತ ನಿಕೊಲಾಸರ ದೇವಾಲಯದಲ್ಲಿ 1818ರ ದಶಂಬರ 24ರಂದು ಸಹಾಯಕ ಗುರುಗಳಾಗಿದ್ದ ಯೋಸೆಫ್ ಮೋರ್ ಮತ್ತು ಶಾಲಾ ಶಿಕ್ಷಕ ಫ್ರಾನ್ಸ್ ಗ್ರೂಬರ್ ಅದನ್ನು ಹಾಡಿದರು. ಸಾಹಿತ್ಯ ಮೋರ್ ಅವರದು, ರಾಗ ಗ್ರೂಬರ್ ಅವರದು. ಅದರ ಲಯ ಆರು-ಎಂಟರದು: ಒಂದು ಆವರ್ತದಲ್ಲಿ ಎರಡು ದೊಡ್ಡ ತೂಗು, ಪ್ರತಿ ತೂಗಿನಲ್ಲಿ ಮೂರು ಸಣ್ಣ ಹೆಜ್ಜೆ. ತೊಟ್ಟಿಲು ತೂಗುವ ಲಯವದು. ನಮ್ಮ ಅನೇಕ ಮಕ್ಕಳು ಅದನ್ನು ನಾಲ್ಕರ ತಾಳಕ್ಕೆ ಒಗ್ಗಿದ ಕೈಯಿಂದ ನುಡಿಸಿ ತೊಟ್ಟಿಲನ್ನು ಎತ್ತಿನ ಗಾಡಿಯಾಗಿಸುತ್ತಾರೆ. ಆಗಮನ ಕಾಲದ ನಾಲ್ಕು ವಾರ ಮನೆಯಲ್ಲಿ ಆರು-ಎಂಟರ ಮೆಲುವಾದ ಬಡಿತವನ್ನು ಹಚ್ಚಿಕೊಂಡು ದಿನಕ್ಕೆ ಹತ್ತು ನಿಮಿಷ ಅಭ್ಯಾಸ ಮಾಡಲಿ. ಕ್ರಿಸ್ಮಸ್ ರಾತ್ರಿ ಡ್ರಮ್ಮಿಲ್ಲದೆ, ಒಂದೇ ಗಿಟಾರಿನಿಂದ ಇಡೀ ಸಭೆಯನ್ನು ತೂಗಲು ಅವರಿಗೆ ಸಾಧ್ಯವಾಗುತ್ತದೆ.

ಐದನೆಯದಾಗಿ, ವಾರಕ್ಕೊಮ್ಮೆಯಾದರೂ ಯಂತ್ರವನ್ನು ಮುಚ್ಚಿಟ್ಟು ಮನುಷ್ಯರೊಡನೆ ನುಡಿಸಲಿ. ಮನೆಯಲ್ಲಿ ಗುಮಟೆಯಿದ್ದರೆ ಅದು ಅಟ್ಟದಿಂದ ಇಳಿಯಲಿ. ಇಲ್ಲದಿದ್ದರೆ ಮರದ ಸ್ಟೂಲು, ಬೋರಲು ಹಾಕಿದ ಕೊಡಪಾನ, ಅಕ್ಕಿಕಾಳು ತುಂಬಿದ ಡಬ್ಬಿ ಇವುಗಳಿಂದಲೂ ತಾಳ ಹುಟ್ಟುತ್ತದೆ. ಸಂಜೆಯ ಜಪಸರ ಮುಗಿದ ಬಳಿಕ ಹದಿನೈದು ನಿಮಿಷ ಇದಕ್ಕಾಗಿ ಮೀಸಲಿಟ್ಟರೆ ಸಾಕು. ಅಜ್ಜ ತನಗೆ ಗೊತ್ತಿರುವ ಹಳೆಯ ಹಾಡನ್ನು ಹಾಡಲಿ, ಮೊಮ್ಮಗಳು ಅದಕ್ಕೆ ಕಾರ್ಡುಗಳನ್ನು ಹುಡುಕಲಿ, ತಂದೆ ಸ್ಟೂಲನ್ನು ಬಾರಿಸಲಿ. ಅಜ್ಜನ ಲಯ ತಪ್ಪುತ್ತದೆ, ತಪ್ಪಲಿ. ಆ ತಪ್ಪುವ ಲಯವನ್ನು ಹಿಡಿದು ಜೊತೆ ನಡೆಸಿಕೊಂಡು ಹೋಗುವುದೇ ಮೊಮ್ಮಗಳ ಅಂದಿನ ಪಾಠ.

ಹೆತ್ತವರಿಗೆ ಎರಡು ಮಾತು

ಮಗುವಿನ ಕೋಣೆಯಿಂದ ಡ್ರಮ್ಮಿನ ಬಡಿತ ಕೇಳಿಬಂದರೆ ಕೂಡಲೇ ‘ನಿಲ್ಲಿಸು’ ಎನ್ನಬೇಡಿರಿ. ಒಳಗೆ ಹೋಗಿ, ಕುಳಿತು, ಐದು ನಿಮಿಷ ಕೇಳಿರಿ. ಅಭ್ಯಾಸಕ್ಕೆ ಒಂದು ಹೊತ್ತನ್ನು ಮಗುವಿನೊಡನೆ ಕುಳಿತೇ ಗೊತ್ತುಪಡಿಸಿರಿ; ಆ ಹೊತ್ತಿನಲ್ಲಿ ಟಿ.ವಿ. ಬಂದಾಗಿರಲಿ. ಬಾಗಿಲು ತೆರೆದಿರಲಿ. ಮಗುವಿನ ಕೈಗೆ ಮೊಬೈಲನ್ನು ಕೊಡುವುದಕ್ಕೆ ಅಂಜುವ ಹೆತ್ತವರಿದ್ದಾರೆ. ಅವರ ಅಂಜಿಕೆ ಸಕಾರಣವಾದುದು. ಅಂಥವರು ಅಭ್ಯಾಸದ ಅವಧಿಗೆ ಅಂತರ್ಜಾಲವನ್ನು ಕಡಿದು, ದೂರವಾಣಿಯನ್ನು ತಾಳದ ಪೆಟ್ಟಿಗೆಯಾಗಿ ಮಾತ್ರ ಮೇಜಿನ ಮೇಲೆ ಇಡಬಹುದು. ದುಬಾರಿ ಯಂತ್ರಗಳನ್ನು ಕೊಳ್ಳುವ ಅವಸರ ಬೇಡ. ಒಂದು ವರ್ಷ ನಿಷ್ಠೆಯಿಂದ ಅಭ್ಯಾಸ ನಡೆದ ಮೇಲೆ ಆ ಯೋಚನೆ ಮಾಡಿದರೆ ಸಾಕು.

ಧರ್ಮಕೇಂದ್ರಗಳ ಗಾಯನ ಮಂಡಳಿಗಳ ಹಿರಿಯರಲ್ಲಿಯೂ ಒಂದು ವಿನಂತಿ. ಹೊಸದಾಗಿ ಗಿಟಾರ್ ಹಿಡಿದ ಹುಡುಗ-ಹುಡುಗಿಯರನ್ನು ‘ಚೆನ್ನಾಗಿ ಕಲಿತ ಮೇಲೆ ಬಾ’ ಎಂದು ಹಿಂದಕ್ಕೆ ಕಳುಹಿಸಬೇಡಿರಿ. ಕಾಯುವುದನ್ನು ಅವರು ಕಲಿಯಬೇಕಾದುದು ನಿಮ್ಮ ಪಕ್ಕದಲ್ಲಿ ಕುಳಿತೇ. ಒಂದು ಹಾಡನ್ನಾದರೂ ಅವರಿಗೆ ಒಪ್ಪಿಸಿರಿ. ಅದನ್ನು ಮನೆಯಲ್ಲಿ ತಾಳದೊಡನೆ ಸಿದ್ಧಪಡಿಸಿಕೊಂಡು ಬರುವಂತೆ ಹೇಳಿರಿ. ಗುರಿಯಿಲ್ಲದ ಅಭ್ಯಾಸಕ್ಕೆ ಗುರಿ ದೊರೆತರೆ ಗೋಡೆಯ ಮೇಲಿನ ಗಿಟಾರ್ ಕೆಳಗಿಳಿಯಲು ತಡವಾಗದು.

ಕುಟುಂಬವೆಂಬುದೂ ಒಂದು ಲಯಬದ್ಧ ಜೀವನವೇ. ಏಳುವ ಹೊತ್ತು, ಉಣ್ಣುವ ಹೊತ್ತು, ಪ್ರಾರ್ಥಿಸುವ ಹೊತ್ತು ಇವು ಹಿಂದೆ ನಮ್ಮ ಮನೆಗಳಿಗೆ ತಾಳವಾಗಿದ್ದವು. ಇಂದು ಪ್ರತಿಯೊಬ್ಬರೂ ತಂತಮ್ಮ ಕೋಣೆಯಲ್ಲಿ ತಂತಮ್ಮ ವೇಗದಲ್ಲಿ ಬದುಕುತ್ತಿರುವಾಗ, ಒಂದು ಗಿಟಾರ್ ಮತ್ತು ಒಂದು ಬಡಿತ ಮನೆಮಂದಿಯನ್ನು ಹದಿನೈದು ನಿಮಿಷವಾದರೂ ಒಂದೇ ಎಣಿಕೆಯಲ್ಲಿ ಕೂಡಿಸಬಲ್ಲವಾದರೆ ಅದನ್ನು ಗದ್ದಲವೆಂದು ಕರೆಯುವುದು ನ್ಯಾಯವಲ್ಲ. ಈ ಭಾನುವಾರ ಪೂಜೆ ಮುಗಿಸಿ ಮನೆಗೆ ಮರಳಿದ ಮೇಲೆ ಗೋಡೆಯ ಗಿಟಾರನ್ನು ಕೆಳಗಿಳಿಸಿ ಧೂಳು ಒರೆಸಿರಿ. ಶ್ರುತಿ ಮಾಡುವ ಕೆಲಸವನ್ನು ಮಕ್ಕಳಿಗೆ ಬಿಡಿರಿ. ತಾಳ ಹಾಕುವ ಕೆಲಸ ನಿಮ್ಮದಾಗಲಿ.